ಮಹಡಿಯ ಮೇಲಿನವರ ಮುಯ್ಯಿ

ಭಾನುವಾರ ಬೆಳಿಗ್ಗೆ ಕೃಪಾವತಿ ಮೆಟ್ಟಿಲು ಹತ್ತಿ ಬಂದು ನೋಡಿದರೆ, ಪ್ರಾರ್ಥನಾ ಹಾಲಿನ ಬಾಗಿಲಿಗೆ ತಮ್ಮ ಬೀಗದ ಜೊತೆಗೆ ಇನ್ನೊಂದು ಬೀಗ ಬಿದ್ದಿತ್ತು. ತಮ್ಮದು ಬಡಪಾಯಿ ಬೀಗ, ಜೋರಾಗಿ ಎಳೆದರೆ ಬಾಯಿ ಬಿಡುವಂಥದ್ದು. ಹೊಸದು ಮುಷ್ಟಿಗಾತ್ರದ ಹಿತ್ತಾಳೆಯದು. ಅಂಥದ್ದನ್ನು ಅವಳು ಕೆಳಗಿನ ಹಾರ್ಡ್‌ವೇರ್ ಅಂಗಡಿಯ ಗಾಜಿನ ಹಿಂದೆ ದಿನವೂ ನೋಡುತ್ತಿದ್ದಳು. ಅಂಗಡಿ ನಂದಕುಮಾರನದು, ಕಟ್ಟಡವೂ ಅವನ ಮನೆಯವರದೇ. ಯಾರು ಹಾಕಿದರು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಅವಳ ಗಂಡ ಸತ್ಯಮಿತ್ರ ಬೀಗವನ್ನು ಮುಟ್ಟಿ ನೋಡಿ, ಒಳ್ಳೆಯ ಕಂಪನಿಯದು ಎಂದ. ಈ ಪುಟ್ಟ ಸಭೆಗೆ ಆತನೇ ಪಾಸ್ಟರ್. ಅದಕ್ಕೂ ಮುಂಚೆ ಬಿಎಂಟಿಸಿಯಲ್ಲಿ ಕಂಡಕ್ಟರ್ ಆಗಿದ್ದವನು. ಚಿಲ್ಲರೆಗಾಗಿ, ನಿಲ್ಲಿಸದ ಸ್ಟಾಪಿಗಾಗಿ, ಡ್ರೈವರ್ ಹಾಕಿದ ಬ್ರೇಕಿಗಾಗಿ ಬನಶಂಕರಿಯಿಂದ ಶಿವಾಜಿನಗರದವರೆಗೆ ಸಿಕ್ಕವರೆಲ್ಲ ಅವನನ್ನೇ ಬೈದು ಬೈದು, ಈಗ ಬೈಗುಳ ಅವನ ಮೈಗೆ ಹತ್ತುವುದನ್ನೇ ಬಿಟ್ಟಿತ್ತು. ಶತ್ರುವನ್ನು ಪ್ರೀತಿಸಬೇಕೆಂಬ ಮಾತು ಅವನಿಗೆ ಟಿಕೆಟ್ ಹರಿದು ಕೊಟ್ಟಷ್ಟೇ ಸಲೀಸು. ಕೃಪಾವತಿಯ ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಇಂಥ ಗಂಡನನ್ನು ಕೊಟ್ಟ ದೇವರು ಅವಳ ಪಾಲಿನ ಸಹನೆಯನ್ನೂ ಸೇರಿಸಿ ಅವನಿಗೇ ಕೊಟ್ಟುಬಿಟ್ಟಿದ್ದಾನೆ ಎಂದು ಅವಳ ದೂರು.

ಕಳೆದ ತಿಂಗಳು ಆರಾಧನೆಯ ನಡುವೆ ಒಂದಷ್ಟು ಜನ ನುಗ್ಗಿ ಬಂದಿದ್ದರು. ಇಲ್ಲಿ ಮತಾಂತರ ನಡೆಯುತ್ತಿದೆ ಎಂದು ಕೂಗಿ, ಸಾಕ್ಷಿಗೆ ದುಂಡವ್ವನ ಕಡೆ ಬೆರಳು ತೋರಿಸಿದ್ದರು. ದುಂಡವ್ವ ಬಾಗಲಕೋಟೆ ಕಡೆಯವಳು. ಬಿಟಿಎಮ್‌ನಲ್ಲಿ ಬಾಡಿಗೆಗಿದ್ದು, ಕೃಪಾವತಿಯ ಟೈಲರಿಂಗ್ ಅಂಗಡಿಯಲ್ಲಿ ಹೆಮ್ಮಿಂಗ್, ಗುಂಡಿ, ಹುಕ್ಕು ನೋಡಿಕೊಳ್ಳುತ್ತಿದ್ದಳು. ಭಾನುವಾರ ಹಾಡು ಕೇಳುವ ಆಸೆಗೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಬರುವಾಗ ಹಣೆಯ ಮೇಲಿದ್ದ ವಿಭೂತಿ ಹೋಗುವಾಗಲೂ ಹಾಗೇ ಇರುತ್ತಿತ್ತು, ಆದರೆ ಅದನ್ನು ನೋಡುವ ವ್ಯವಧಾನ ಯಾರಿಗಿತ್ತು? ಹಾಡಿಗೆ ನುಡಿಸುವ ಕೀಬೋರ್ಡು ನೆಲಕ್ಕೆ ಬಿದ್ದು ಎರಡಾಯಿತು. ಸತ್ಯಮಿತ್ರನ ತುಟಿ ಒಡೆಯಿತು. ನಂದಕುಮಾರ ಒಳಗೆ ಬರಲೇ ಇಲ್ಲ, ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದ. ಹೊಡೆದವರ ಮುಖ ಕೃಪಾವತಿಗೆ ಅಷ್ಟಾಗಿ ನೆನಪಿಲ್ಲ. ಆ ಮೊಬೈಲು ಹಿಡಿದ ಕೈ ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು.

ಠಾಣೆಯಲ್ಲಿ ಇಬ್ಬರೂ ಕಾಂಪ್ರಮೈಸ್ ಆಗಿ ಎಂದು ಬುದ್ಧಿ ಹೇಳಿ ಕಳಿಸಿದರು. ಹೊಡೆಸಿಕೊಂಡವರು ಏನನ್ನು ಕಾಂಪ್ರಮೈಸ್ ಮಾಡಿಕೊಳ್ಳಬೇಕೋ ಅವಳಿಗೆ ಅರ್ಥವಾಗಲಿಲ್ಲ. ವಿಡಿಯೊ ಊರೆಲ್ಲ ಸುತ್ತಿದ ಮೇಲೆ ತಿಲಕ್ ನಗರದಲ್ಲಿ, ಗೊಟ್ಟಿಗೆರೆಯಲ್ಲಿ ಎಲ್ಲಿ ಕೇಳಿದರೂ ಬಾಡಿಗೆಗೆ ಹಾಲ್ ಖಾಲಿಯಿಲ್ಲ ಎಂಬ ಉತ್ತರವೇ ಬಂತು. ಸಭೆಗೆ ಬರುವವರು ಒಬ್ಬೊಬ್ಬರಾಗಿ ಕರಗಿದರು. ಈ ಕೋಣೆ ಕೈಬಿಟ್ಟರೆ ಸಭೆ ಚದುರಿ ಹೋಗುವುದು ಖಂಡಿತ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಅವಳ ಪ್ರಾರ್ಥನೆ ದಿನದಿನಕ್ಕೆ ಖಾರವಾಗುತ್ತಾ ಹೋಯಿತು. ಬೈಬಲಿನ ಕೀರ್ತನೆಗಳಲ್ಲಿ ದುಷ್ಟರ ಹಲ್ಲು ಮುರಿ ಎಂದು ಕೇಳುವ ಭಾಗಗಳನ್ನು ಹುಡುಕಿ ಓದುತ್ತಿದ್ದಳು, ಓದುವಾಗ ನಂದಕುಮಾರನ ಹೆಸರನ್ನು ಮನಸ್ಸಿನಲ್ಲೇ ಸೇರಿಸುತ್ತಿದ್ದಳು. ಅವನಿಗಾಗಿಯೂ ಪ್ರಾರ್ಥಿಸು ಎಂದು ಗಂಡ ಹೇಳಿದಾಗ, ಮಾಡ್ತಾನೇ ಇದೀನಲ್ಲ ಎಂದಿದ್ದಳು. ಏನು ಪ್ರಾರ್ಥಿಸುತ್ತಿದ್ದಾಳೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬೀಗ ಬಿದ್ದ ಆ ಭಾನುವಾರ ಸಭೆ ಮೆಟ್ಟಿಲ ಮೇಲೆಯೇ ನಡೆಯಿತು. ಒಬ್ಬೊಬ್ಬರು ಒಂದೊಂದು ಮೆಟ್ಟಿಲಿನಲ್ಲಿ ಕುಳಿತರು. ಹಾಡು ಸಣ್ಣ ದನಿಯಲ್ಲಿ ಸಾಗಿತು. ಸತ್ಯಮಿತ್ರ ಎಲ್ಲರಿಗಿಂತ ಮೇಲೆ, ಬೀಗಕ್ಕೆ ಬೆನ್ನು ಕೊಟ್ಟು ನಿಂತು, ಬೈಬಲಿನಲ್ಲಿ ನಂಬಿಕೆಗಾಗಿ ಸತ್ತವರ ಆತ್ಮಗಳು ಬಲಿಪೀಠದ ಕೆಳಗಿಂದ ಕೂಗುವ ಸಂಗತಿ ಹೇಳಿದ. ಇನ್ನೂ ಎಷ್ಟು ಕಾಲ, ನಮ್ಮ ರಕ್ತಕ್ಕೆ ನ್ಯಾಯ ಯಾವಾಗ ಎಂದು ಅವರು ದೇವರನ್ನೇ ಕೇಳುತ್ತಾರೆ. ದೇವರು ಅವರನ್ನು ಗದರಿಸುವುದಿಲ್ಲ. ಒಬ್ಬೊಬ್ಬರಿಗೂ ಬಿಳಿ ನಿಲುವಂಗಿ ಕೊಟ್ಟು, ಇನ್ನು ಸ್ವಲ್ಪ ಹೊತ್ತು ತಾಳಿ ಎನ್ನುತ್ತಾನೆ. ಕೃಪಾವತಿಗೆ ಈ ಭಾಗ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಬಟ್ಟೆ ಹೊಲಿಯುವ ಅವಳಿಗೆ ತಾಳಿ ಎನ್ನುವುದರ ಅರ್ಥ ಚೆನ್ನಾಗಿ ಗೊತ್ತು. ಹೇಳಿದ ದಿನಕ್ಕೆ ಬ್ಲೌಸ್ ಕೊಡಲಾಗದಿದ್ದಾಗ ಅವಳೂ ಗಿರಾಕಿಗಳಿಗೆ ಅದನ್ನೇ ಹೇಳುತ್ತಿದ್ದಳು.

ಹೆಂಡತಿಯ ಮುಖ ನೋಡಿಯೋ ಏನೋ, ಸತ್ಯಮಿತ್ರ ಬಸ್ಸಿನ ಹಿಂಬಾಗಿಲಿಗೆ ಕೇಳಿಸುವಂತೆ ಕೂಗುತ್ತಿದ್ದ ಹಳೆಯ ದನಿ ತೆಗೆದ.

"ಮುಯ್ಯಿ ತೀರಿಸೋದು ನಮ್ಮ ಕೆಲಸ ಅಲ್ಲ, ದೇವರ ಕೆಲಸ. ಈ ಮನೆಯವರ ಮುಯ್ಯಿ ದೇವರೇ ತೀರಿಸ್ತಾನೆ. ನೀವು ಕೈ ಹಾಕ್ಬೇಡಿ."

ಬೇರೆ ಮಾತು ಯಾರಿಗೆ ಎಷ್ಟು ಕೇಳಿಸಿತೋ, ಇದು ಮಾತ್ರ ಮೆಟ್ಟಿಲ ಗೂಡಿನಲ್ಲಿ ಮೊಳಗಿ, ಕೆಳಗೆ ಹಿಂಭಾಗದ ಮನೆಯ ಕಿಟಕಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಲಕ್ಷ್ಮಮ್ಮನ ಕಿವಿಗೂ ಅರ್ಧಂಬರ್ಧ ಬಿತ್ತು.

ಲಕ್ಷ್ಮಮ್ಮ ನಂದಕುಮಾರನ ತಾಯಿ. ಮ್ಯಾನೇಜ್‌ಮೆಂಟ್ ಕಾಲೇಜಿನ ಗೋಡೆ ಏಳುವ ಮೊದಲು ಬಿಳೇಕಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದವಳು. ಕಟ್ಟಡದ ಮೇಲೆ ತೀರಿಹೋದ ಗಂಡ ಗಂಗಾಧರಯ್ಯನ ಹೆಸರಿದ್ದರೂ ಜಾಗ ಅವಳದು, ಅರಿಶಿನ ಕುಂಕುಮಕ್ಕೆಂದು ಅಪ್ಪ ಕೊಟ್ಟ ಹೊಲ. ಮಂಡಿನೋವಿನಿಂದ ಮೆಟ್ಟಿಲು ಹತ್ತುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಗಲಾಟೆಯಾದ ದಿನ ಅವಳು ಕನಕಪುರದ ತಂಗಿಯ ಮನೆಯಲ್ಲಿದ್ದಳು. ಈಗ ಮೇಲಿನವರು ಮೆಟ್ಟಿಲ ಮೇಲೆ ಯಾಕೆ ಕೂತಿದ್ದಾರೆ ಎಂದು ಕೇಳಿದ್ದಕ್ಕೆ, ಮದುವೆಗೆ ನೆಂಟರು ಇಳಿದುಕೊಳ್ಳಲು ಹಾಲಿಗೆ ಸುಣ್ಣ ಹೊಡೆಸುತ್ತಿದ್ದೇನೆ ಎಂದು ಮಗ ಹೇಳಿದ್ದ. ಮದುವೆ ನಿಜ. ನಂದಕುಮಾರನ ಮಗಳು ಹೇಮಶ್ರೀಗೆ ಜಯನಗರದ ಛತ್ರದಲ್ಲಿ ಮುಂದಿನ ತಿಂಗಳು ಧಾರೆ.

ಸೋಮವಾರ ಲಕ್ಷ್ಮಮ್ಮ ಕೋಲೂರಿಕೊಂಡು, ರಸ್ತೆಯಂಚಿನಲ್ಲೇ ಇದ್ದ ಕೃಪಾವತಿಯ ಅಂಗಡಿಗೆ ಬಂದಳು. ಕೈಯಲ್ಲಿ ಲಗ್ನಪತ್ರಿಕೆ, ಮುಖದ ತುಂಬ ಸಂತೋಷ. ಕೃಪಾವತಿ ಕತ್ತರಿ ಕೆಳಗಿಡಲಿಲ್ಲ. ಆ ಮನೆಯಿಂದ ಯಾರು ಬಂದರೂ ಅವಳಿಗೆ ಆ ಮೊಬೈಲಿನ ಕೈಯೇ ಬಂದಂತಿತ್ತು. ದುಂಡವ್ವ ಮಾತ್ರ ಎದ್ದು ಸ್ಟೂಲು ಕೊಟ್ಟಳು. ಮುದುಕಿ ಕುಳಿತು, ಉಸಿರು ಸುಧಾರಿಸಿಕೊಂಡು, ನಿನ್ನೆಯಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ ಎಂದು ಶುರು ಮಾಡಿದಳು.

"ನಿಮ್ ಮನೆಗೆ ನಾವು ಯಾವಾಗವ್ವ ಮುಯ್ಯಿ ಮಾಡಿದ್ದು? ನಂಗೆ ಒಂದೂ ಗ್ಯಾನ ಇಲ್ಲ. ನಿಮ್ಮೆಜಮಾನ್ರು ನಿನ್ನೆ ಅಷ್ಟು ಗಟ್ಟಿಯಾಗಿ ಹೇಳ್ತಿದ್ರು, ಈ ಮನೇವ್ರ ಮುಯ್ಯಿ ತೀರಿಸ್ತೀವಿ ಅಂತ. ಹಾಲ್‌ಗೆ ಸುಣ್ಣ ಹೊಡೀತಾವ್ರೆ ಅಂತ ಮೆಟ್ಲ ಮೇಲೆ ಕೂತಿದ್ರೂ ನನ್ ಮೊಮ್ಮಗಳ ಮದ್ವೆ ನೆನಪಿಟ್ಕೊಂಡವ್ರಲ್ಲ ಅಂತ ಕಣ್ಣಲ್ಲಿ ನೀರೇ ಬಂತು."

ಕೃಪಾವತಿಗೆ ಮೊದಲು ಏನೂ ತಿಳಿಯಲಿಲ್ಲ. ಅವಳು ಮಿಷನ್ ಹಾಸ್ಟೆಲಿನಲ್ಲಿ ಬೆಳೆದವಳು. ಮುಯ್ಯಿ ಎಂಬ ಮಾತನ್ನು ಕೇಳಿದ್ದೆಲ್ಲ ಬೈಬಲ್ ಪಾಠದಲ್ಲಿ, ಅಲ್ಲಿ ಅದಕ್ಕೆ ಸೇಡು ಎನ್ನುವುದೊಂದೇ ಅರ್ಥ. ಹಳೆಯ ಊರಿನವರ ಬಾಯಲ್ಲಿ ಅದು ಮದುವೆಯ ಉಡುಗೊರೆ, ಇವರ ಮನೆ ಶುಭಕಾರ್ಯಕ್ಕೆ ಅವರು ಕೊಟ್ಟಿದ್ದನ್ನು ಅವರ ಮನೆಯ ಕಾರ್ಯಕ್ಕೆ ಇವರು ನೆನಪಿಟ್ಟು ಹಿಂತಿರುಗಿಸುವ ಪದ್ಧತಿ. ದುಂಡವ್ವನಿಗೆ ಬೇಗ ಹೊಳೆಯಿತು. ನಮ್ ಕಡೆ ಅದಕ್ಕ ಆಯೇರಿ ಅಂತಾರ್ರಿ ಅಕ್ಕಾ ಎಂದು ಮೆಲ್ಲಗೆ ಹೇಳಿ, ದಾರ ಹಲ್ಲಿನಲ್ಲಿ ಕಡಿಯುವ ನೆವದಲ್ಲಿ ಮುಖ ತಗ್ಗಿಸಿದಳು. ಅವಳಿಗೆ ನಗುವೂ ಬಂದಿತ್ತು, ಭಯವೂ ಆಗಿತ್ತು.

ಮುದುಕಿಯನ್ನು ಅಷ್ಟಕ್ಕೇ ಬಿಟ್ಟು, ಬರ್ತೀವಮ್ಮ ಎಂದು ಪತ್ರಿಕೆ ತೆಗೆದುಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸತ್ಯಮಿತ್ರನಾಗಿದ್ದರೆ ಹಾಗೇ ಮಾಡುತ್ತಿದ್ದ. ಆದರೆ ತಿಂಗಳಿಂದ ಕುದಿಯುತ್ತಿದ್ದ ಕೃಪಾವತಿಗೆ ಇಂಥ ಅವಕಾಶ ಕಾಲಬುಡಕ್ಕೆ ಬಂದಾಗ ಬಾಯಿ ಕಟ್ಟಿಕೊಳ್ಳಲಾಗಲಿಲ್ಲ.

"ಅಮ್ಮ, ಅದು ಆ ಮುಯ್ಯಿ ಅಲ್ಲ" ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ನುಗ್ಗಿದವರು, ಎರಡಾದ ಕೀಬೋರ್ಡು, ಗಂಡನ ತುಟಿ, ವಿಡಿಯೊ, ಸುಣ್ಣ ಕಾಣದ ಹಾಲ್, ಹಿತ್ತಾಳೆ ಬೀಗ. ನಿಮ್ಮ ಮಗ ಮಾಡಿದ್ದಕ್ಕೆ ದೇವರೇ ಸೇಡು ತೀರಿಸುತ್ತಾನೆ ಅಂತ ನಮ್ಮ ಯಜಮಾನರು ಹೇಳಿದ್ದು ಎಂದಳು. ಹೇಳುವಷ್ಟು ಹೊತ್ತು ಮನಸ್ಸಿಗೆ ತುಂಬ ಹಿತವಾಗಿತ್ತು, ಅದನ್ನು ಮುಚ್ಚಿಡುವುದು ಯಾಕೆ.

ಹೇಳಿ ಮುಗಿಸಿ ಮುದುಕಿಯ ಮುಖ ನೋಡಿದಾಗ ಆ ಹಿತ ಹಾರಿಹೋಯಿತು. ಲಕ್ಷ್ಮಮ್ಮ ಸಿಟ್ಟಾಗಲಿಲ್ಲ, ಮಗನ ಪರ ಒಂದು ಮಾತೂ ಆಡಲಿಲ್ಲ. ಲಗ್ನಪತ್ರಿಕೆಯನ್ನು ಎದೆಗೆ ಒತ್ತಿಕೊಂಡು, ಬಾಗಿಲ ಹೊರಗೆ ಯಾರೋ ಬಂದು ನಿಂತಿದ್ದಾರೇನೋ ಎಂಬಂತೆ ಆ ಕಡೆಗೇ ನೋಡುತ್ತಿದ್ದಳು. ದೇವರು ಎನ್ನುವವನು ನಿಮ್ಮವನು, ನಮ್ಮವನು ಎಂದು ಲೆಕ್ಕ ಹಾಕುವ ಅಭ್ಯಾಸ ಅವಳಿಗಿರಲಿಲ್ಲ. ದೇವರು ಮುಯ್ಯಿ ತೀರಿಸುತ್ತಾನೆ ಎಂದರೆ ತೀರಿಸುತ್ತಾನೆ, ಅಷ್ಟೇ.

"ಯಾರ ಮೇಲೆ ಬತ್ತದವ್ವ ಅದು? ನಂದನ ಮೇಲಾ, ಇಲ್ಲ ಮಗೀನ ಮೇಲಾ?"

ಕೃಪಾವತಿಯ ಪ್ರಾರ್ಥನೆಯಲ್ಲಿ ನಂದಕುಮಾರನಿಗೆ ತಾಯಿ ಇರಲಿಲ್ಲ, ಮಗಳಿರಲಿಲ್ಲ, ಛತ್ರ ಮದುವೆ ಏನೂ ಇರಲಿಲ್ಲ. ಮೊಬೈಲು ಹಿಡಿದ ಒಂದು ಕೈ ಇತ್ತು, ಮುರಿಯಲು ಒಂದಷ್ಟು ಹಲ್ಲುಗಳಿದ್ದವು. ಗಲಾಟೆಗೆ ಮುಂಚೆ ಹೇಮಶ್ರೀಯ ಧಾರೆಯ ಬ್ಲೌಸಿಗೆ ಅಳತೆ ತೆಗೆದವಳು ಅವಳೇ. ಆಗ ಆ ಹುಡುಗಿ ಬೆನ್ನಿಗೆ ಟೇಪು ತಾಗಿದರೆ ಕಚಗುಳಿಯಾಗಿ ನಗುತ್ತಿದ್ದಳು. ಈಗ ಅದು ನೆನಪಾಗಿ ಕೃಪಾವತಿಗೆ ನಾಚಿಕೆಯಾಯಿತು. ತಾನು ಇಷ್ಟು ದಿನ ಬೇಡಿದ್ದು ನಿಜವಾಗಿ ಬಂದಿದ್ದರೆ ಯಾರ ಬಾಗಿಲಿಗೆ ಬರುತ್ತಿತ್ತು ಎಂದು ಅವಳು ಯೋಚಿಸಿಯೇ ಇರಲಿಲ್ಲ.

ಹಾಗೆ ಮಕ್ಕಳ ಮೇಲೆ ಬರುವುದಿಲ್ಲ, ದೇವರು ಅಂಥವನಲ್ಲ ಎಂದು ತಡವರಿಸಿದಳು. ಲಕ್ಷ್ಮಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಅನುಭವದಲ್ಲಿ ಮುಯ್ಯಿ ಬರುವುದು ಮನೆಗೆ, ಒಬ್ಬರಿಗಲ್ಲ. ಅದೂ ಕೊಟ್ಟಿದ್ದಕ್ಕಿಂತ ಒಂದು ಹಿಡಿ ಜಾಸ್ತಿಯೇ ಸೇರಿಸಿಕೊಂಡು ಬರುತ್ತದೆ. ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಜೋಡಿಸಿದಳು. ಅಷ್ಟು ವಯಸ್ಸಾದವಳು ಕೈ ಮುಗಿದದ್ದು ನೋಡಿ ದುಂಡವ್ವ ಗಾಬರಿಯಿಂದ ಎದ್ದು ನಿಂತಳು.

"ನೀವು ಕೇಳಿದ್ರೆ ಬಿಡ್ತಾನೇನವ್ವ ನಿಮ್ ದೇವ್ರು? ಕೇಳವ್ವ. ನನ್ ಎದುರುಗೇ ಕೇಳು."

ಕೃಪಾವತಿ ಮೆಷಿನ್ನಿನ ಪಕ್ಕ ಎದ್ದು ನಿಂತು ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದರೆ ಮಾತು ತಾನಾಗಿ ಬರುವುದು ಅವಳಿಗೆ ರೂಢಿ, ಸಭೆಯಲ್ಲಿ ಅವಳಷ್ಟು ಉದ್ದ ಪ್ರಾರ್ಥಿಸುವವರು ಇನ್ನೊಬ್ಬರಿರಲಿಲ್ಲ. ಈಗ ಒಂದೊಂದು ಮಾತನ್ನೂ ಹುಡುಕಬೇಕಾಯಿತು. ನ್ಯಾಯ ಬೇಡ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ, ಯಾಕೆಂದರೆ ನ್ಯಾಯ ಅವಳಿಗೆ ಬೇಕಿತ್ತು. ಒಡೆದ ತುಟಿ ಒಡೆದದ್ದೇ, ಹಾಕಿದ ಬೀಗ ಅನ್ಯಾಯವೇ. ಅದನ್ನು ನೋಡಿದ್ದೀಯಲ್ಲ ಸ್ವಾಮಿ, ನಿನಗೇ ಬಿಟ್ಟಿದ್ದೇನೆ ಎಂದಳು. ನನ್ನ ಕೈಯಲ್ಲಿ ಹಿಡಿದುಕೊಂಡಿದ್ದನ್ನೂ ನಿನ್ನ ಕೈಗೇ ಹಾಕುತ್ತೇನೆ ಎಂದಳು. ಆಮೇಲೆ ತಿಂಗಳಿಂದ ಗಂಡ ಕೇಳಿದರೂ ಹೇಳದ ಮಾತು ಹೇಳಿದಳು.

"ನಂದಕುಮಾರನ್ನ ಕಾಪಾಡು. ಅವನ ಮಗಳು ಚೆನ್ನಾಗಿರಲಿ."

ಅವಳು ಅತ್ತಳು, ಅದು ನಂದಕುಮಾರನ ಮೇಲಿನ ಪ್ರೀತಿಯಿಂದಲ್ಲ. ಇಷ್ಟು ದಿನ ಹೊತ್ತಿದ್ದರ ಭಾರ ಎಷ್ಟೆಂದು ಇಳಿಸಿದ ಮೇಲೆ ಗೊತ್ತಾಯಿತು. ಲಕ್ಷ್ಮಮ್ಮ ತನಗೆ ತಿಳಿದಂತೆ ಮೇಲೆ ನೋಡಿ ಕೈ ಮುಗಿದು, ಕೋಲು ಎತ್ತಿಕೊಂಡು ಹೊರಟಳು. ಲಗ್ನಪತ್ರಿಕೆ ಕೊಡುವುದನ್ನೇ ಮರೆತಿದ್ದಳು.

ಆ ವಾರ ಏನೂ ಆಗಲಿಲ್ಲ. ಬೀಗ ಇದ್ದಂತೆಯೇ ಇತ್ತು. ಹಿಂಭಾಗದ ಮನೆಯಿಂದ ಒಂದು ಸಂಜೆ ಜೋರು ಮಾತು ಕೇಳಿಸಿತು, ಅಷ್ಟೇ. ನಂದಕುಮಾರ ಅಂಗಡಿಯ ಮುಂದೆ ಸಿಕ್ಕಾಗ ಮುಖ ತಿರುಗಿಸಿಕೊಂಡ. ತಾನು ಬಾಯಿ ಬಿಟ್ಟು ಇನ್ನಷ್ಟು ಕೆಡಿಸಿದೆನೇನೋ ಎಂದು ಕೃಪಾವತಿ ಕೊರಗಿದಳು. ನಡೆದದ್ದನ್ನೆಲ್ಲ ಗಂಡನಿಗೆ ಹೇಳಿದಾಗ ಅವನು ಬಹಳ ಹೊತ್ತು ನಕ್ಕ. ಇಷ್ಟು ವರ್ಷ ಬೋಧಿಸಿದ ಮಾತನ್ನು ಒಬ್ಬರಾದರೂ ಪೂರ್ತಿ ನಂಬಿದರಲ್ಲ, ಅದೂ ನಮ್ಮ ಸಭೆಯವರಲ್ಲದವರು ಎಂದ. ನಗು ನಿಂತ ಮೇಲೆ ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೋದ.

ಮುಂದಿನ ಭಾನುವಾರ ಮತ್ತೆ ಮೆಟ್ಟಿಲ ಮೇಲೆಯೇ ಸೇರಿದರು. ಇನ್ನೂ ಕಡಿಮೆ ಜನ. ಹಾಡು ಎತ್ತುವಷ್ಟರಲ್ಲಿ ಕೆಳಗೆ ಕೋಲಿನ ಸದ್ದಾಯಿತು. ಲಕ್ಷ್ಮಮ್ಮ ಗಿಳಿಹಸಿರು ರೇಷ್ಮೆ ಸೀರೆ ಉಟ್ಟು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು, ಕಂಬಿ ಹಿಡಿದು ಹತ್ತುತ್ತಿದ್ದಳು. ಹಿಂದೆ ನಂದಕುಮಾರ. ಅವನ ಒಂದು ಕೈಯಲ್ಲಿ ತೆಂಗಿನಕಾಯಿ, ಬೆಲ್ಲದಚ್ಚು, ಹೂವು, ಎಲೆ ಅಡಿಕೆ ಇಟ್ಟ ಹಿತ್ತಾಳೆ ತಟ್ಟೆ, ಇನ್ನೊಂದು ಕೈಯಲ್ಲಿ ತಾಯಿಯ ಮೊಣಕೈ. ಕುಳಿತವರೆಲ್ಲ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಕೃಪಾವತಿಗೆ ಅವನ ಮುಖ ನೋಡುವುದೋ ಬೇಡವೋ ತಿಳಿಯಲಿಲ್ಲ. ನೋಡಿದಳು. ರಾತ್ರಿ ಸರಿಯಾಗಿ ನಿದ್ದೆ ಮಾಡದ, ಸಾಧಾರಣ ನಡುವಯಸ್ಸಿನ ಗಂಡಸಿನ ಮುಖ.

ಬಾಗಿಲ ಮುಂದೆ ನಿಂತು ಲಕ್ಷ್ಮಮ್ಮ ತಟ್ಟೆಯನ್ನು ಮಗನಿಂದ ತೆಗೆದುಕೊಂಡು ಕೃಪಾವತಿಯ ಕೈಗಿಟ್ಟಳು.

"ಕೊನೇಲಿ ಯಾವ ಮುಯ್ಯಿ ಹೋಗಿರ್ತದೋ ಅದೇ ತಾನೆ ವಾಪಸ್ ಬರೋದು? ನಮ್ಮನೆಯಿಂದ ಹೋಗಿದ್ದು ಕೆಟ್ಟದ್ದು. ಅದರ ಮೇಲೆ ಇದನ್ನ ಇಡ್ತಾ ಇದೀನಿ ಕಣವ್ವ. ಆ ಒಡೆದೋದ ಹಾಡಿನ ಪೆಟ್ಟಿಗೇನೂ ಇವ್ನೇ ಹೊಸದು ತರ್ತಾನೆ. ಬೀಗನೂ ಇವ್ನೇ ತೆಗೀತಾನೆ."

ನಂದಕುಮಾರ ಜೇಬಿನಿಂದ ಬೀಗದ ಕೈ ತೆಗೆದ. ತಾನೇ ಹಾಕಿದ ಬೀಗ, ಒಳ್ಳೆಯ ಕಂಪನಿಯದು, ಎರಡು ಸಲ ತಿರುಗಿಸಿದರೂ ಬಿಚ್ಚಲಿಲ್ಲ. ಅಷ್ಟು ಜನರ ಎದುರು ಅವನ ಕಿವಿ ಕೆಂಪಾಯಿತು. ಆ ಕೆಂಪು ಕಿವಿಯನ್ನು ನೋಡಿ ಸಂತೋಷ ಪಡಬೇಕೆಂದು ತಿಂಗಳಿಡೀ ಕನಸು ಕಂಡಿದ್ದ ಕೃಪಾವತಿ, ಈಗ ಅವನಿಗೆ ಬೇಗ ಬಿಚ್ಚಿಕೊಳ್ಳಲಿ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಬೀಗ ಬಿಚ್ಚಿತು. ಅವನು ಯಾರನ್ನೂ ನೋಡದೆ, ವಾಲ್ಯೂಮ್ ಸ್ವಲ್ಪ ಕಮ್ಮಿ ಇಟ್ಟುಕೊಳ್ಳಿ ಎಂದ. ಸ್ವಲ್ಪ ತಡೆದು, ಅವತ್ತು ನಾನು ಹಂಗೆ ಮಾಡಬಾರದಿತ್ತು ಎಂದು ಸತ್ಯಮಿತ್ರನ ಚಪ್ಪಲಿಯನ್ನು ನೋಡುತ್ತಾ ಹೇಳಿದ. ಸತ್ಯಮಿತ್ರ ಅವನ ಭುಜ ತಟ್ಟಿ, ಒಳಗೆ ಹೋಗಿ, ಮುಂದೆ ಜಾಗ ಇದೆ ಎಂದ. ಹಳೆಯ ಅಭ್ಯಾಸ.

ನಂದಕುಮಾರ ಒಳಗೆ ಬರಲಿಲ್ಲ, ಕೆಳಗೆ ಇಳಿಯಲೂ ಇಲ್ಲ. ತಾಯಿ ಹೊರಡುವ ತನಕ ಕಾಯಬೇಕಲ್ಲ, ಬಾಗಿಲಲ್ಲೇ ನಿಂತ. ಲಕ್ಷ್ಮಮ್ಮ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತಾ ಕುಳಿತಳು. ಕಿಟಕಿ ತೆರೆದರು, ಧೂಳು ಹೊಡೆದರು, ಹಾಡು ಈ ಸಲ ಪೂರ್ತಿ ದನಿಯಲ್ಲಿ ಎದ್ದಿತು. ಆಮೇಲೆ ಸತ್ಯಮಿತ್ರ ಮಾತಾಡಲು ನಿಂತು ಬಾಯಿ ತೆರೆಯುವಷ್ಟರಲ್ಲಿ, ಸಭೆಯ ಕ್ರಮ ಗೊತ್ತಿಲ್ಲದ ಲಕ್ಷ್ಮಮ್ಮ ಕೈ ಎತ್ತಿ ನಡುವೆಯೇ ಕೇಳಿದಳು.

"ನಮ್ಮನೇದು ತೀರ್ತೇನಪ್ಪ?"

ಸತ್ಯಮಿತ್ರನಿಗೆ ಇದಕ್ಕೆ ಉತ್ತರ ಗೊತ್ತಿತ್ತು, ಒಂದು ಗಂಟೆ ಬೋಧಿಸುವಷ್ಟು ಗೊತ್ತಿತ್ತು. ಆದರೂ ಹೆಂಡತಿಯ ಕಡೆ ನೋಡಿದ. ಎಲ್ಲರೂ ಅವಳ ಕಡೆಗೇ ನೋಡಿದರು, ಬಾಗಿಲಲ್ಲಿದ್ದವನೂ ನೋಡಿದ. ಕೃಪಾವತಿಯ ಮಡಿಲಲ್ಲಿ ತಟ್ಟೆ ಹಾಗೇ ಇತ್ತು.

"ತೀರ್ತಮ್ಮ" ಎಂದಳು.

ಮುದುಕಿಗೆ ಸಮಾಧಾನವಾಗಲಿ ಎಂದಷ್ಟೇ ಹೇಳಲು ಹೊರಟಿದ್ದಳು. ಅದು ನಿಜ ಎಂದು, ತನ್ನ ದನಿ ತನಗೇ ಕೇಳಿಸಿದಾಗ ಅವಳಿಗೆ ಗೊತ್ತಾಯಿತು.